ರಸ್ತೆಯೇ ಇಲ್ಲದ ಊರಿಗೆ ಮೇಷ್ಟ್ರಾಗಿ ಹೋದದ್ದು

ಕೆನಡಾದಲ್ಲಿದ್ದೇನೆ ಎಂದರೆ ಊರಿನವರೆಲ್ಲ ಟೊರಾಂಟೊ ಅಂದುಕೊಳ್ಳುತ್ತಾರೆ. ನಾನಿರುವುದು ಇಗ್ಲೂಲಿಕ್‌ನಲ್ಲಿ. ಒಟ್ಟಾವದಿಂದ ಜೆಟ್ ವಿಮಾನದಲ್ಲಿ ಮೂರು ಗಂಟೆ ಉತ್ತರಕ್ಕೆ ಹಾರಿದರೆ ಇಕಾಲುಯಿಟ್ ಸಿಗುತ್ತದೆ. ಅಲ್ಲಿಂದ ಫ್ಯಾನಿನ ಸಣ್ಣ ವಿಮಾನ ಹತ್ತಿ ಇನ್ನೂ ಮೇಲಕ್ಕೆ ಹೋಗಬೇಕು. ಹವಾಮಾನ ಕೆಟ್ಟರೆ ಇಕಾಲುಯಿಟ್‌ನಲ್ಲೇ ಠಿಕಾಣಿ. ಇದು ಕೆನಡಾದ ನುನಾವುಟ್ ಪ್ರದೇಶ (ಟೆರಿಟರಿ). 1999ರ ಏಪ್ರಿಲ್ 1ರಂದು ಹುಟ್ಟಿದ್ದು. ಇಲ್ಲಿ ಒಟ್ಟು 25 ಊರುಗಳಿವೆ. ಒಂದೂರಿಂದ ಇನ್ನೊಂದೂರಿಗೆ ರಸ್ತೆ ಅನ್ನುವುದೇ ಇಲ್ಲ. ನಮ್ಮೂರು ಒಂದು ದ್ವೀಪ, ಜನ ಎರಡು ಸಾವಿರದಷ್ಟು, ಹೆಚ್ಚುಕಡಿಮೆ ಎಲ್ಲರೂ ಇಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನಾಂಗದವರು.

ಇಲ್ಲಿಗೆ ಯಾಕೆ ಬಂದೆ ಅಂತ ಕೇಳಿದರೆ ಸಾಹಸದ ಕಥೆಯೇನೂ ಇಲ್ಲ. ಕೆನಡಾದ ದಕ್ಷಿಣದ ಊರುಗಳಲ್ಲಿ ಯಾರೋ ರಜೆ ಹಾಕಿದ ದಿನ ಅವರ ಬದಲಿಗೆ ಪಾಠ ಮಾಡುತ್ತಾ, ಕಾಯಂ ಕೆಲಸಕ್ಕೆ ಕಾದು ಕಾದು ಸಾಕಾಗಿತ್ತು. ಇಲ್ಲಿ ಪ್ರತಿ ವರ್ಷ ಹುದ್ದೆ ಖಾಲಿಯಾಗುತ್ತದೆ. ಸ್ವಂತ ಕ್ಲಾಸು, ಕಡಿಮೆ ಬಾಡಿಗೆಯ ಕ್ವಾರ್ಟರ್ಸು, ಸಂಬಳದ ಮೇಲೆ ಉತ್ತರ ಭಾಗದಲ್ಲಿ ಕೆಲಸ ಮಾಡುವವರಿಗೆ ಕೊಡುವ ಭತ್ಯೆ. ಒಪ್ಪಿಕೊಂಡೆ. ಪ್ರತಿ ವರ್ಷ ಯಾಕೆ ಖಾಲಿಯಾಗುತ್ತದೆ ಅನ್ನುವುದೇ ಇಲ್ಲಿನ ನಿಜವಾದ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲರೂ ಮೊದಲು ಕೇಳುವುದು ಚಳಿ. ಹೌದು, ಜನವರಿಯಲ್ಲಿ ಮೈನಸ್ 30 ಮಾಮೂಲು. ಆದರೆ ಒಳ್ಳೆ ಪಾರ್ಕಾ (ಟೋಪಿಯಿರುವ ದಪ್ಪ ಚಳಿ ಕೋಟು), ಒಳ್ಳೆ ಬೂಟು ಇದ್ದರೆ ಚಳಿ ತಡೆಯಬಹುದು, ಮನೆ ಒಳಗಂತೂ ಬೆಚ್ಚಗಿರುತ್ತದೆ. ತಲೆ ತಿನ್ನುವುದು ನೀರು. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ಕಾರಣ ಇಲ್ಲಿ ಪೈಪು ಹೂಳುವ ಹಾಗಿಲ್ಲ. ಮನೆಗಳೂ ಕಂಬದ ಮೇಲೆಯೇ ನಿಂತಿವೆ. ಲಾರಿ ಬಂದು ಮನೆಯ ಟ್ಯಾಂಕಿಗೆ ನೀರು ತುಂಬಿಸುತ್ತದೆ, ಇನ್ನೊಂದು ಲಾರಿ ಕೊಳಚೆ ಎಳೆದುಕೊಂಡು ಹೋಗುತ್ತದೆ. ಕೊಳಚೆ ಟ್ಯಾಂಕು ತುಂಬಿತೋ, ನೀರಿನ ಪಂಪು ತಾನಾಗಿಯೇ ನಿಂತುಬಿಡುತ್ತದೆ. ಹಿಮಗಾಳಿ ಬೀಸುವಾಗ ಎರಡು ಲಾರಿಯೂ ಬರುವುದಿಲ್ಲ. ತಲೆಗೆ ಶಾಂಪೂ ಹಾಕಿಕೊಳ್ಳುವ ಮುಂಚೆ ಟ್ಯಾಂಕು ನೋಡುವ ಅಭ್ಯಾಸ ಎಲ್ಲರಿಗೂ ಬೇಗ ಬರುತ್ತದೆ.

ದಿನಸಿಯದು ಬೇರೆಯೇ ಲೆಕ್ಕ. ಸಮುದ್ರದ ಮಂಜುಗಡ್ಡೆ ಕರಗಿರುವ ಬೇಸಿಗೆಯ ಕೆಲವೇ ವಾರಗಳಲ್ಲಿ ಸರಕು ಹಡಗು ಬರುತ್ತದೆ. ಅದಕ್ಕೆ ಸೀಲಿಫ್ಟ್ ಅನ್ನುತ್ತಾರೆ. ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಸಾಮಾನು ಬಾರ್ಜ್ ಅನ್ನುವ ಚಪ್ಪಟೆ ದೋಣಿಯಲ್ಲಿ ದಡಕ್ಕೆ ಬರುತ್ತದೆ. ಅನುಭವಸ್ಥರು ಇಡೀ ವರ್ಷದ ಹಿಟ್ಟು, ಎಣ್ಣೆ, ಸೋಪು, ಟಾಯ್ಲೆಟ್ ಪೇಪರು ಎಲ್ಲವನ್ನೂ ಅದರಲ್ಲೇ ತರಿಸಿಕೊಳ್ಳುತ್ತಾರೆ. ಆದರೆ ಆರ್ಡರ್ ಕೊಡುವ ಗಡುವು ಬಹಳ ಮುಂಚೆಯೇ ಮುಗಿದಿರುತ್ತದೆ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವರ್ಷ ಆ ಭಾಗ್ಯವಿಲ್ಲ. ವಿಮಾನದಲ್ಲಿ ಬಂದ ಟೊಮ್ಯಾಟೊವನ್ನು ವಿಮಾನದ ರೇಟಿಗೇ ತಿನ್ನಬೇಕು. ಎರಡನೇ ವರ್ಷ ನನ್ನ ಪೆಟ್ಟಿಗೆಯಲ್ಲಿ ಅಕ್ಕಿ ಮೂಟೆ, ತೊಗರಿಬೇಳೆ, ಸಾಸಿವೆ ಬಂತು. ಅಕ್ಕಪಕ್ಕದವರು ಸಾಸಿವೆ ಚೀಲ ನೋಡಿ ಇಷ್ಟನ್ನು ಏನು ಮಾಡುತ್ತೀಯ ಅಂದರು.

ಇನ್ನು ಶಾಲೆ. ಹಾಜರಿ ಕೂಗಿದರೆ ಯಾರೂ 'ಪ್ರೆಸೆಂಟ್' ಅನ್ನುವುದಿಲ್ಲ. ಕ್ಲಾಸು ನಿಶ್ಶಬ್ದ. ತಲೆ ಎತ್ತಿ ನೋಡಬೇಕು. ಹುಡುಗ ಎರಡೂ ಹುಬ್ಬು ಮೇಲೆತ್ತಿದರೆ ಹೌದು ಅಂತ. ಮೂಗು ಸುಕ್ಕು ಮಾಡಿದರೆ ಇಲ್ಲ ಅಂತ. ಹಲಗೆ ಕಡೆ ತಿರುಗಿ ಬರೆಯುತ್ತಾ "ಅರ್ಥವಾಯ್ತಾ?" ಅಂತ ಕೇಳಿದರೆ ಉತ್ತರವೇ ಸಿಗುವುದಿಲ್ಲ, ಏಕೆಂದರೆ ಅವರು ಆಗಲೇ ನನ್ನ ಬೆನ್ನಿಗೆ ಉತ್ತರ ಕೊಟ್ಟು ಮುಗಿಸಿರುತ್ತಾರೆ! ಸರ್, ಮೇಡಂ ಏನಿಲ್ಲ, ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರೆ.

ಚಿಕ್ಕ ಕ್ಲಾಸುಗಳಲ್ಲಿ ಪಾಠ ಇನ್ಯುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷ್. ಅವರ ಲಿಪಿ ನಮ್ಮವರಿಗೆ ಬೇಗ ಹತ್ತುತ್ತದೆ, ಯಾಕೆಂದರೆ ಅದೂ ಒಂಥರಾ ಕಾಗುಣಿತವೇ. ತ್ರಿಕೋನದ ಮೂತಿ ಮೇಲಿದ್ದರೆ 'ಪಿ', ಬಲಕ್ಕೆ ತಿರುಗಿದರೆ 'ಪು', ಎಡಕ್ಕೆ ತಿರುಗಿದರೆ 'ಪ'. ಮೇಲೊಂದು ಚುಕ್ಕೆ ಇಟ್ಟರೆ ದೀರ್ಘ. ಜೊತೆಗೆ ಬಂದ ಇಂಗ್ಲಿಷ್ ಮೇಷ್ಟ್ರುಗಳು ಒದ್ದಾಡುತ್ತಿದ್ದಾಗ ನಾನು ಬೋರ್ಡುಗಳನ್ನು ಓದಿ ಸ್ವಲ್ಪ ಜಂಬ ಪಟ್ಟೆ. ಓದಿದ್ದರ ಅರ್ಥ ಮಾತ್ರ ಗೊತ್ತಾಗುತ್ತಿರಲಿಲ್ಲ, ಅದು ಬೇರೆ ಮಾತು.

ಹನ್ನೆರಡನೇ ತರಗತಿಯ ಪರೀಕ್ಷೆ ಬರುವುದು ದೂರದ ಆಲ್ಬರ್ಟಾ ಪ್ರಾಂತ್ಯದಿಂದ. ಪುಸ್ತಕದ ಲೆಕ್ಕಗಳಲ್ಲಿ ರೈಲು, ಗೋಧಿ ಹೊಲ, ಟ್ರಾಫಿಕ್ ಸಿಗ್ನಲ್. ಇಲ್ಲಿ ಒಂದು ಮರವೂ ಬೆಳೆಯುವುದಿಲ್ಲ. ರೈಲಿನ ಬದಲು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಹಾಕಿ, ಸಮುದ್ರದ ಮಂಜುಗಡ್ಡೆಯ ಅಂಚಿನವರೆಗೆ ಹೋಗಿ ಬರಲು ಎಷ್ಟು ಪೆಟ್ರೋಲ್ ಬೇಕು ಅಂತ ಕೇಳಿದೆ. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವನು ಎದ್ದು ಕೂತು, ಹಿಂದೆ ಜಾರುಬಂಡಿ ಕಟ್ಟಿದೆಯಾ, ಅದರಲ್ಲಿ ಎಷ್ಟು ಭಾರ ಅಂತ ನನ್ನನ್ನೇ ಕೇಳಿದ. ಅಪ್ಪನ ಜೊತೆ ವಾಲ್ರಸ್ (ಕೋರೆಹಲ್ಲಿನ ದೊಡ್ಡ ಕಡಲಪ್ರಾಣಿ) ಬೇಟೆಗೆ ಹೋದ ಹುಡುಗನನ್ನು ನಾನು ಚಕ್ಕರ್ ಹೊಡೆದವನು ಅನ್ನುವುದಿಲ್ಲ. ಆ ಮಾಂಸ ನಾಲ್ಕಾರು ಮನೆಗೆ ಹಂಚಿಕೆಯಾಗುತ್ತದೆ.

ಶಾಲೆ ಅಂದರೆ ಇಲ್ಲಿನ ಅಜ್ಜ ಅಜ್ಜಿಯರ ಮುಖ ಯಾಕೆ ಬಿಗಿಯಾಗುತ್ತದೆ ಅನ್ನುವುದೂ ಬರುವವರಿಗೆ ಗೊತ್ತಿರಬೇಕು. 1950, 60ರ ದಶಕಗಳಲ್ಲಿ ಇಲ್ಲಿನ ಮಕ್ಕಳನ್ನು ದೂರದ ಚೆಸ್ಟರ್‌ಫೀಲ್ಡ್ ಇನ್ಲೆಟ್‌ನ ವಸತಿ ಶಾಲೆಗೆ ಕರೆದೊಯ್ದಿದ್ದರು. ಅಲ್ಲಿ ಮಕ್ಕಳು ಪಟ್ಟ ಹಿಂಸೆಯ ಕಥೆಗಳು ಹೇಳತೀರದು. ದೇಶದಾದ್ಯಂತ ಇದ್ದ ಇಂಥ ಶಾಲೆಗಳಿಗಾಗಿ ಕೆನಡಾ ಸರ್ಕಾರ 2008ರ ಜೂನ್ 11ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಹೊರಗಿನಿಂದ ಬಂದ ಮೇಷ್ಟ್ರನ್ನು ಜನ ಸ್ವಲ್ಪ ಕಾಲ ಸುಮ್ನೆ ದೂರದಿಂದ ನೋಡುತ್ತಾರೆ. ಅದು ಅಹಂಕಾರವಲ್ಲ.

ನವೆಂಬರ್ ಕೊನೆಗೆ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಜನವರಿ ಮಧ್ಯದಲ್ಲಿ. ಪೂರ್ತಿ ಕಗ್ಗತ್ತಲಲ್ಲ, ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕಿರುತ್ತದೆ. ಹಿಂದೆ ಸೂರ್ಯ ಮರಳಿದ ದಿನ ಮಕ್ಕಳು ಅರ್ಧ ಮುಖದಲ್ಲಿ ಮಾತ್ರ ನಗುತ್ತಿದ್ದರಂತೆ, ಚಳಿ ಇನ್ನೂ ಬಾಕಿ ಇದೆಯಲ್ಲ, ಅದಕ್ಕೆ ಉಳಿದರ್ಧ ಬಿಗುವು. ಕತ್ತಲಿಗಿಂತ ನನಗೆ ಕಷ್ಟವಾಗುವುದು ಮೇ ತಿಂಗಳ ಬೆಳಕು. ಕಿಟಕಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿ ಮಲಗುತ್ತೇವೆ. ರಾತ್ರಿ ಒಂದು ಗಂಟೆಗೂ ಮಕ್ಕಳು ಹೊರಗೆ ಆಡುತ್ತಿರುತ್ತವೆ, ಬೆಳಿಗ್ಗೆ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ.

ಈಗ ಹುದ್ದೆ ಖಾಲಿಯಾಗುವ ವಿಷಯ. ಇಲ್ಲಿ ಮಕ್ಕಳು ಹೊಸ ಮೇಷ್ಟ್ರನ್ನು ಕೇಳುವ ಪ್ರಶ್ನೆ ಎರಡೇ. ಯಾವ ಊರು? ಕ್ರಿಸ್‌ಮಸ್ ಆದಮೇಲೆ ವಾಪಸ್ ಬರ್ತೀಯಾ? ರಜೆಗೆ ಹೋದವರು ಅಲ್ಲಿಂದಲೇ ರಾಜೀನಾಮೆ ಕಳಿಸುವುದು ಅವರಿಗೆ ಹೊಸದೇನಲ್ಲ. ಮೊದಲ ವರ್ಷ ನನ್ನ ಹತ್ತಿರ ಬಾಯಿ ಬಿಡದ ಹುಡುಗಿಯೊಬ್ಬಳು ಎರಡನೇ ವರ್ಷದ ಆಗಸ್ಟ್‌ನಲ್ಲಿ ಕಾರಿಡಾರಿನಲ್ಲಿ ನಿಲ್ಲಿಸಿ, ರಜೆಯಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನನ್ನ ಪಾಠ ಒಂದು ಚೂರೂ ಸುಧಾರಿಸಿರಲಿಲ್ಲ. ವಾಪಸ್ ಬಂದಿದ್ದೆ, ಅಷ್ಟೇ. ಒಂದೇ ವರ್ಷದಲ್ಲಿ ದುಡ್ಡು ಮಾಡಿಕೊಂಡು ಹೊರಡುವ ಲೆಕ್ಕದಲ್ಲಿ ಬರುವವರನ್ನು ಕಂಡರೆ ಈಗ ನನಗೂ ಸ್ವಲ್ಪ ಕಿರಿಕಿರಿಯಾಗುತ್ತದೆ.

ಬರಬೇಕು ಅಂತಿರುವವರು ಇಂಟರ್‌ವ್ಯೂನಲ್ಲಿ ಸಂಕೋಚವಿಲ್ಲದೆ ಕೇಳಿ. ಮನೆ ಒಬ್ಬರಿಗೇನಾ, ಇನ್ನೊಬ್ಬ ಮೇಷ್ಟ್ರ ಜೊತೆ ಹಂಚಿಕೊಳ್ಳಬೇಕಾ? ಮನೆಯೊಳಗೆ ಮಂಚ, ಪಾತ್ರೆ ಇದೆಯಾ? ಸಾಮಾನು ಸಾಗಿಸುವ ಖರ್ಚು ಯಾರದು? ಹಲ್ಲು, ಕಣ್ಣು ತೋರಿಸಿಕೊಂಡೇ ಹೊರಡಿ. ಊರಲ್ಲಿರುವುದು ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರ, ದೊಡ್ಡ ಕಾಯಿಲೆಗೆ ವಿಮಾನದಲ್ಲೇ ಹೋಗಬೇಕು. ಗಂಡನೋ ಹೆಂಡತಿಯೋ ಜೊತೆಗೆ ಬರುವುದಾದರೆ ಅವರಿಗೂ ಏನಾದರೂ ಕೆಲಸವಿದೆಯಾ ವಿಚಾರಿಸಿ. ನಾನು ಕಂಡಂತೆ ಮಧ್ಯದಲ್ಲಿ ಗಂಟುಮೂಟೆ ಕಟ್ಟುವವರಲ್ಲಿ ಜಾಸ್ತಿ ಜನ ಚಳಿಗೆ ಹೆದರಿದವರಲ್ಲ, ಮನೆಯಲ್ಲಿ ಒಬ್ಬರು ದಿನವಿಡೀ ಸುಮ್ನೆ ಕೂತಿದ್ದವರು.