ಫೈಲ್ ಇದೆ, ಮಾತು ಸಿಗುತ್ತಿಲ್ಲ: ವಕೀಲರ ಆಫೀಸಿನ ಹುಡುಕಾಟ

ಗಂಗಾವತಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುವುದು, ಕಡತ ನೋಡಿಕೊಳ್ಳುವುದು ನನ್ನ ಕೆಲಸ. ಜಮೀನಿನ ದಾವೆಗಳೇ ಜಾಸ್ತಿ. ಸಾಹೇಬರು ಕೇಳುವುದು ಫೈಲ್ ಹೆಸರನ್ನಲ್ಲ, ಒಳಗಿನ ಮಾತನ್ನು. "ಉತ್ತರಕ್ಕೆ ಕಾಲುವೆ ಅಂತ ಚಕ್ಕುಬಂದಿ ಬರೆದದ್ದು ಒಂದಿತ್ತಲ್ಲ, ಅದನ್ನ ತೆಗೀರಿ" ಅನ್ನುತ್ತಾರೆ. ಚಕ್ಕುಬಂದಿ ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ಹೊಸದಾಗಿ ಸೇರಿದ ಹುಡುಗ ಹುಡುಕಿ ನೋಡಿ, "ಇಲ್ರೀ ಅಕ್ಕಾರ, ಸಿಗವಲ್ದು" ಅನ್ನುತ್ತಾನೆ.

ಕಂಪ್ಯೂಟರ್‌ಗೆ ಸಿಗಲಿಲ್ಲ ಅಂದರೆ ಆ ಮಾತು ಇಲ್ಲ ಅಂತ ಅಲ್ಲ. ಅದನ್ನೇ ನಂಬಿ ನಾವೂ ಇಲ್ಲ ಅಂದುಬಿಟ್ಟರೆ ಕಕ್ಷಿದಾರರು ನಕಲಿಗೆ ಅರ್ಜಿ ಹಾಕಿ ಅಲೆಯಬೇಕು. ನಾಟಿ ಸಮಯದಲ್ಲಿ ರೈತರಿಗೆ ಒಂದು ದಿನ ಹಾಳಾಗುವುದು ಸಣ್ಣ ಮಾತಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಂಡೋಸ್ ವಿಷಯ. ಅದು ಇಂಡೆಕ್ಸ್ ಮಾಡಿದ, ಅಂದರೆ ಒಳಗಿನ ಪದಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡ ಜಾಗದಲ್ಲಿ ಮಾತ್ರ ಫೈಲ್‌ನ ಒಳಗೆ ಹುಡುಕುತ್ತದೆ. ಡಿ ಡ್ರೈವ್‌ನಲ್ಲಿ ಫೋಲ್ಡರ್ ಇಟ್ಟಿದ್ದರೆ ಸಾಮಾನ್ಯವಾಗಿ ಬರೀ ಹೆಸರು ನೋಡಿ ಸುಮ್ನಾಗುತ್ತದೆ. ಇಂಡೆಕ್ಸಿಂಗ್ ಆಪ್ಷನ್ಸ್‌ಗೆ ಹೋಗಿ ಆ ಫೋಲ್ಡರ್ ಸೇರಿಸಬೇಕು. ಎರಡು ಮೂರು ಪದ ಅದೇ ಸಾಲಾಗಿ ಬೇಕೆಂದರೆ ಉದ್ಧರಣ ಚಿಹ್ನೆ ಹಾಕಬೇಕು. ಇನ್ನೊಂದು, ಅದು ಪದದ ಶುರುವಿನಿಂದ ಹೊಂದಿಸುತ್ತದೆ. "ಕಾಲುವೆ" ಅಂತ ಕೊಟ್ಟರೆ ಕಾಲುವೆಗೆ, ಕಾಲುವೆಯ ಎಲ್ಲ ಬರುತ್ತವೆ, ಆದರೆ "ಉಪಕಾಲುವೆ" ಬರುವುದಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರಿನ ಮೇಲೆ ಬದುಕುವ ನಮ್ಮ ಕಡೆ ಎಷ್ಟೋ ಹೊಲಗಳ ಚಕ್ಕುಬಂದಿ ಉಪಕಾಲುವೆಯೇ, ಅಲ್ವಾ? ಹಾಗಾಗಿ ನಾನು ಏಜೆಂಟ್ ರಾನ್ಸ್ಯಾಕ್ ಅನ್ನುವ ಉಚಿತ ತಂತ್ರಾಂಶ ಇಟ್ಟುಕೊಂಡಿದ್ದೇನೆ. ಅದಕ್ಕೆ ಇಂಡೆಕ್ಸ್ ಬೇಕಿಲ್ಲ, ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡುತ್ತದೆ. ನಿಧಾನ, ಆದರೆ ಪದದ ನಡುವೆ ಇದ್ದರೂ ಹಿಡಿಯುತ್ತದೆ.

ನಿಜವಾದ ತೊಡಕು ಇರುವುದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲ್‌ಗಳಲ್ಲಿ. ಹಳೆಯ ದಾವೆಗಳೆಲ್ಲ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಆದವು. ಪರದೆ ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಕನ್ನಡ ಅಲ್ಲ. "ಕ" ಅನ್ನುವುದು ಒಳಗೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀರು ಇರುವ ಎ. ಆ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಕಣ್ಣಿಗೇ ಕಾಣುತ್ತದೆ. ನೀವು ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ನಲ್ಲಿ "ಕಾಲುವೆ" ಅಂತ ಟೈಪ್ ಮಾಡಿದರೆ ಅಲ್ಲಿ ಸಿಗುವುದಾದರೂ ಹೇಗೆ? ನಾನು ಮಾಡುವುದು ಇಷ್ಟು: ವರ್ಡ್‌ನಲ್ಲಿ ನುಡಿ ಫಾಂಟ್ ಇಟ್ಟು, ನುಡಿ ಕೀಲಿಮಣೆಯಿಂದಲೇ ಆ ಪದ ಟೈಪ್ ಮಾಡಿ, ಅದನ್ನು ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಹಾಕುತ್ತೇನೆ. ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತವೆ. ಗಾಬರಿ ಬೇಡ, ಫೈಲ್ ಒಳಗಿರುವುದೂ ಅದೇ. ಪ್ರತಿ ಮಾತನ್ನೂ ಎರಡು ಸಲ ಹುಡುಕುತ್ತೇನೆ, ಒಮ್ಮೆ ನುಡಿಯಲ್ಲಿ, ಒಮ್ಮೆ ಯೂನಿಕೋಡ್‌ನಲ್ಲಿ.

ಯೂನಿಕೋಡ್ ಫೈಲ್‌ನಲ್ಲಿ ಬೇರೆ ಕಾಟ. "ನಂಬರ್" ಅಂತ ಬರೆದು ಕೊನೆಗೆ ಕಾಣದ ಒಂದು ಅಕ್ಷರ ಸೇರಿಸುವ ರೂಢಿ ಕೆಲವರಿಗಿದೆ, ಕೆಲವರಿಗಿಲ್ಲ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಬ್ಬರು ತಾಲೂಕು ಅಂತಾರೆ, ಒಬ್ಬರು ತಾಲ್ಲೂಕು. ಅದಕ್ಕೆ ನಾನು "ತಾಲ" ಅಂತ ಅಷ್ಟೇ ಕೊಡುತ್ತೇನೆ, ಎರಡೂ ಬರುತ್ತವೆ. ಜೊತೆಗೆ ಬೇಡದ್ದೂ ಒಂದಿಷ್ಟು ಬರುತ್ತದೆ. ಬರಲಿ, ತಪ್ಪಿಹೋಗುವುದಕ್ಕಿಂತ ವಾಸಿ. ಸರ್ವೆ ನಂಬರ್ ಹುಡುಕುವಾಗ 112 ಅಂತಲೂ ೧೧೨ ಅಂತಲೂ ಕೊಡಬೇಕು.

ಇನ್ನು ಊರಿನ ಹೆಸರು. ಇದನ್ನು ಯಾವ ತಂತ್ರಾಂಶವೂ ಹೇಳಿಕೊಡುವುದಿಲ್ಲ. ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಕ್ರಯಪತ್ರದ ಮಾತನ್ನು ಹಾಗೇ ಎತ್ತಿ ಬರೆದ ದಾವೆಯಲ್ಲಿ "ರಾಯಚೂರು ಜಿಲ್ಲೆ" ಅಂತಲೇ ಇರುತ್ತದೆ. ಕಾರಟಗಿ, ಕನಕಗಿರಿ ಬೇರೆ ತಾಲೂಕುಗಳಾಗುವ ಮುಂಚಿನ ಕಾಗದದಲ್ಲಿ ಅವೆಲ್ಲ ಗಂಗಾವತಿ ತಾಲೂಕು. ಇಂಗ್ಲಿಷ್ ಫೈಲ್‌ಗಳಲ್ಲೂ ಇದೇ ಕಥೆ. 2014ರ ನವೆಂಬರ್ 1ಕ್ಕೆ ಬೆಳ್ಳಾರಿ ಹೋಗಿ ಬಳ್ಳಾರಿ, ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು. ಕಾಗದ ಯಾವ ವರ್ಷದ್ದು ಅಂತ ಮೊದಲು ಕೇಳಿಕೊಂಡು, ಆ ವರ್ಷದ ಹೆಸರಿನಲ್ಲಿ ಹುಡುಕಿ.

ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ. ಮೌಸ್‌ನಿಂದ ಒಂದು ಪದ ಆಯ್ಕೆ ಮಾಡಲು ಬರದಿದ್ದರೆ ಅದರೊಳಗೆ ಹುಡುಕುವುದು ದಂಡ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಗುರುತಿಸಿ ಕೊಡುತ್ತದೆ. ಆದರೆ ಕಕ್ಷಿದಾರರ ಕಾಗದವನ್ನು ಹೊರಗೆ ಕಳಿಸುವ ಮುಂಚೆ ಸಾಹೇಬರನ್ನು ಕೇಳಲೇಬೇಕು. ಟೆಸರಾಕ್ಟ್ ಅನ್ನುವ ಅಕ್ಷರ ಗುರುತಿಸುವ ತಂತ್ರಾಂಶ ಹಾಕಿಕೊಂಡರೆ ನಮ್ಮ ಕಂಪ್ಯೂಟರ್‌ನಲ್ಲೇ ಆ ಕೆಲಸ ಆಗುತ್ತದೆ, ನನಗೆ ಅದೇ ಸರಿ ಅನ್ನಿಸುತ್ತದೆ.

ಈಗ ಬಿಡುವಿದ್ದಾಗ ಹಳೆಯ ನುಡಿ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸುತ್ತಿದ್ದೇವೆ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಆಗಾಗ ಕೆಡುತ್ತವೆ. ಆ ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟು ಹುಡುಕಲಿಕ್ಕೆ ಮಾತ್ರ ಬಳಸುತ್ತೇವೆ. ಕೋರ್ಟಿಗೆ ಕೊಡುವಾಗ ಮೂಲ ಫೈಲ್ ತೆರೆದು ಅದರಿಂದಲೇ ಪ್ರಿಂಟ್ ತೆಗೆಯುತ್ತೇವೆ.