ಬ್ಯಾನ್ಶೀ 350: ಜೋಡಿ ಕಾರ್ಬೋರೇಟರ್ ಹದಕ್ಕೆ ತರುವ ಕ್ರಮ

ಯಮಹಾ ಬ್ಯಾನ್ಶೀ ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಸ್ಪೋರ್ಟ್ ಕ್ವಾಡ್, ಅಂದರೆ ನಾಲ್ಕು ಚಕ್ರದ ಬೈಕ್. 347 ಸಿಸಿ, ಟೂ ಸ್ಟ್ರೋಕ್, ಅಕ್ಕಪಕ್ಕ ಎರಡು ಸಿಲಿಂಡರ್, ವಾಟರ್ ಕೂಲ್ಡ್. ಎಂಜಿನ್ ಮೂಲ ಆರ್‌ಡಿ350 ಎಲ್‌ಸಿ ಮನೆತನದ್ದು. ಸಿಲಿಂಡರಿಗೊಂದರಂತೆ ಎರಡು 26 ಎಂಎಂ ಮಿಕುನಿ ಕಾರ್ಬೋರೇಟರ್. ನಮ್ಮೂರಿನ ಆರ್‌ಎಕ್ಸ್100 ಕಾರ್ಬ್ ಬಿಚ್ಚಿ ಕಟ್ಟಿದವರಿಗೆ ಇದರೊಳಗೆ ಹೊಸದೇನೂ ಕಾಣುವುದಿಲ್ಲ. ಅದೇ ದುಂಡು ಸ್ಲೈಡ್ (ಥ್ರಾಟಲ್ ಜೊತೆ ಏರಿಳಿದು ಗಾಳಿ ಬಿಡುವ ಬಾಗಿಲು), ಅದೇ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಸೂಜಿ), ಅದೇ ಪೈಲಟ್ ಜೆಟ್ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹಾಯುವ ರಂಧ್ರದ ತಿರುಪು), ಅದೇ ಏರ್ ಸ್ಕ್ರೂ. ಎಲ್ಲವೂ ಎರಡೆರಡು, ಅಷ್ಟೇ. ತಲೆನೋವು ಇರುವುದೂ ಅಲ್ಲೇ.

ಈಗ ಸಿಗುವ ಬ್ಯಾನ್ಶೀಗಳೆಲ್ಲ ಹಲವು ಕೈ ದಾಟಿ ಬಂದವು. ಒಬ್ಬರು ಪೈಪ್ ಹಾಕಿಸಿರುತ್ತಾರೆ, ಇನ್ನೊಬ್ಬರು ಏರ್‌ಬಾಕ್ಸ್ ಮುಚ್ಚಳ ಕಿತ್ತಿರುತ್ತಾರೆ, ಮತ್ತೊಬ್ಬರು ಯಾವುದೋ ಜೆಟ್ ತುರುಕಿರುತ್ತಾರೆ. ಗಾಡಿ ಸರಿಯಾಗಿ ಓಡುತ್ತಿಲ್ಲ ಎಂದ ಕೂಡಲೇ ಎಲ್ಲರ ಕೈ ಹೋಗುವುದು ಮೇನ್ ಜೆಟ್‌ಗೆ, ಅಂದರೆ ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ಜೆಟ್‌ಗೆ. ಆದರೆ ಜೆಟ್ ಬದಲಿಸುವುದು ಕೊನೆಯ ಕೆಲಸ. ಎಂಜಿನ್ ಕಳ್ಳಗಾಳಿ ಎಳೆಯುತ್ತಿದ್ದರೆ, ಅಥವಾ ಎರಡು ಸ್ಲೈಡ್ ಒಟ್ಟಿಗೆ ಏಳದಿದ್ದರೆ, ಯಾವ ಜೆಟ್ ಹಾಕಿದರೂ ಲೆಕ್ಕ ತಪ್ಪುತ್ತದೆ.

ಟೂ ಸ್ಟ್ರೋಕ್‌ನಲ್ಲಿ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿರುವುದು) ಎಂದರೆ ಬರೀ ಪಿಕಪ್ ಸಮಸ್ಯೆಯಲ್ಲ. ಬ್ಯಾನ್ಶೀಗೆ ಆಯಿಲ್ ಪಂಪ್ ಇಲ್ಲ, ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಬೇಕು. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಸಿಗುವ ಆಯಿಲ್ಲೂ ಕಡಿಮೆ, ತಂಪೂ ಕಡಿಮೆ. ಪರಿಣಾಮ ಪಿಸ್ಟನ್ ಸೀಜ್, ಇಲ್ಲವೇ ಪಿಸ್ಟನ್ ತಲೆಗೆ ತೂತು. ರಿಚ್ ಆದರೆ, ಅಂದರೆ ಪೆಟ್ರೋಲ್ ಹೆಚ್ಚಾದರೆ, ಪ್ಲಗ್ ಕಪ್ಪಾಗುತ್ತದೆ, ಹೊಗೆ ಹೆಚ್ಚುತ್ತದೆ. ಒಂದು ಪ್ಲಗ್ ಬದಲಿಸಿದರೆ ಮುಗಿಯಿತು. ಹಾಗಾಗಿ ಅನುಮಾನವಿದ್ದಾಗಲೆಲ್ಲ ರಿಚ್ ಕಡೆಗೇ ನಿಲ್ಲಿ.

ಮೊದಲು ಕಂಪ್ರೆಷನ್ ನೋಡಿ. ಎರಡು ಸಿಲಿಂಡರ್ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರ್ಬ್ ಕೆಲಸ ಅಲ್ಲಿಗೇ ನಿಲ್ಲಿಸಿ, ಬೋರ್ ಬಿಚ್ಚುವ ಸಮಯ ಬಂದಿದೆ. ಸರಿಯಿದ್ದರೆ ಮುಂದಿನದು ಸೋರಿಕೆ ಪರೀಕ್ಷೆ. ಇದನ್ನು ಹಾರಿಸುವವರೇ ಜಾಸ್ತಿ, ಆಮೇಲೆ ಪಿಸ್ಟನ್ ಕೊಳ್ಳುವವರೂ ಅವರೇ.

ಸೈಲೆನ್ಸರ್ ಪೈಪ್‌ಗಳನ್ನು ಬಿಚ್ಚಿ, ಎರಡೂ ಎಕ್ಸಾಸ್ಟ್ ಬಾಯಿಗೆ ಬಿಗಿಯುವ ರಬ್ಬರ್ ಪ್ಲಗ್ ಹಾಕಿ. ಕಾರ್ಬ್‌ಗಳನ್ನು ತೆಗೆದು ಒಂದು ಇನ್‌ಟೇಕ್ ಬೂಟ್‌ಗೆ (ಕಾರ್ಬ್ ಕೂರುವ ರಬ್ಬರ್ ನಳಿಕೆ) ಮುಚ್ಚಳ, ಇನ್ನೊಂದಕ್ಕೆ ಗೇಜ್ ಮತ್ತು ಟ್ಯೂಬ್ ವಾಲ್ವ್ ಇರುವ ಮುಚ್ಚಳ ಕೂರಿಸಿ ಕ್ಲಾಂಪ್ ಬಿಗಿಯಿರಿ. ಸ್ಪಾರ್ಕ್ ಪ್ಲಗ್ ಜಾಗದಲ್ಲೇ ಇರಲಿ. ಕೈಪಂಪಿನಲ್ಲಿ ಆರು ಪಿಎಸ್‌ಐ ತುಂಬಿ. ಅದಕ್ಕಿಂತ ಬಹಳ ಮೇಲೆ ಹೋದರೆ ಕ್ರ್ಯಾಂಕ್ ಸೀಲ್ ಜಾಗ ಬಿಟ್ಟು ಏಳಬಹುದು. ಮುಳ್ಳು ಆರು ನಿಮಿಷ ಅಲುಗದೆ ನಿಂತರೆ ಪಾಸ್. ಇಳಿದರೆ ಸೋಪಿನ ನೀರು ಚಿಮುಕಿಸಿ ಗುಳ್ಳೆ ಹುಡುಕಿ. ಬಿರುಕು ಬಿಟ್ಟ ಇನ್‌ಟೇಕ್ ಬೂಟ್, ಎರಡು ಬೂಟ್‌ಗಳನ್ನು ಜೋಡಿಸುವ ಅಡ್ಡ ನಳಿಕೆ, ರೀಡ್ ಬ್ಲಾಕ್ (ಒಳಹೋದ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್) ಗ್ಯಾಸ್ಕೆಟ್, ಸಿಲಿಂಡರ್ ಬುಡದ ಗ್ಯಾಸ್ಕೆಟ್ ಮೊದಲ ಅನುಮಾನಿತರು. ಎಡಗಡೆ ಫ್ಲೈವೀಲ್ ಹಿಂದಿನ ಕ್ರ್ಯಾಂಕ್ ಸೀಲನ್ನು ಕವರ್ ಬಿಚ್ಚಿಯೇ ನೋಡಬೇಕು. ಬಲಗಡೆಯ ಸೀಲ್ ಕ್ಲಚ್ ಒಳಗಿರುವುದರಿಂದ ಕಣ್ಣಿಗೆ ಬೀಳದು. ಗೇರ್‌ಬಾಕ್ಸಿನ ಗಾಳಿ ಪೈಪಿನ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ; ಗುಳ್ಳೆ ಬಂದರೆ ಆ ಸೀಲ್ ಹೋಗಿದೆ. ಓಡಿಸುವಾಗ ಇದೇ ಸೀಲ್ ಗೇರ್ ಆಯಿಲ್ಲನ್ನು ಎಳೆದು ಸುಡುತ್ತದೆ. ಆ ಬದಿಯ ಪೈಪಿನಿಂದ ದಟ್ಟ ಬಿಳಿ ಹೊಗೆ, ಪ್ಲಗ್ ಒದ್ದೆ. ಜನ ಇದನ್ನು ರಿಚ್ ಎಂದು ತಿಳಿದು ಜೆಟ್ ಚಿಕ್ಕದು ಮಾಡುತ್ತಾರೆ! ರೇಡಿಯೇಟರ್ ಬಾಯಲ್ಲಿ ಗುಳ್ಳೆ ಕಂಡರೆ ತಪ್ಪು ಹೆಡ್ ಸೀಲಿಂಗ್‌ನದು.

ಕಾರ್ಬ್‌ಗಳು ಹೇಗೂ ಕೈಯಲ್ಲಿವೆ, ಈಗಲೇ ಸ್ವಚ್ಛ ಮಾಡಿ. ಪೈಲಟ್ ಜೆಟ್ ರಂಧ್ರಕ್ಕೆ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ರಂಧ್ರ ದೊಡ್ಡದಾದರೆ ಜೆಟ್ ಮೇಲಿನ ನಂಬರಿಗೆ ಅರ್ಥವೇ ಉಳಿಯದು. ಕಾರ್ಬ್ ಕ್ಲೀನರ್ ಮತ್ತು ಕಂಪ್ರೆಸರ್ ಗಾಳಿ ಸಾಕು. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು. ಫ್ಲೋಟ್ ಎತ್ತರ ಗ್ಯಾಸ್ಕೆಟ್ ತೆಗೆದ ಮೈಯಿಂದ ಸುಮಾರು 21 ಎಂಎಂ. ಕಾರ್ಬನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ ಸೂಜಿ ವಾಲ್ವಿನ ಸ್ಪ್ರಿಂಗ್ ಪಿನ್ನನ್ನು ಮುಟ್ಟಿಯೂ ಒತ್ತದ ಹಂತದಲ್ಲಿ ಅಳೆಯಿರಿ. ಎರಡು ಕಾರ್ಬ್‌ಗಳಲ್ಲೂ ಅಳತೆ ಒಂದೇ ಇರಬೇಕು. ಒಂದರಲ್ಲಿ ಪೆಟ್ರೋಲ್ ಮಟ್ಟ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಒಂದೇ ಜೆಟ್ ಹಾಕಿದರೂ ಒಂದು ಸಿಲಿಂಡರ್ ರಿಚ್, ಇನ್ನೊಂದು ಲೀನ್. ಕಾರ್ಬ್ ಮರಳಿ ಕೂರಿಸಿದ ಮೇಲೆ ಪೆಟ್ರೋಲ್ ಟ್ಯಾಪಿನಿಂದ ಧಾರೆ ಕಡಿಯದೆ ಬರುತ್ತದೆಯೇ ನೋಡಿ. ಟ್ಯಾಂಕ್ ಮುಚ್ಚಳದ ಗಾಳಿ ದಾರಿ ಕಟ್ಟಿಕೊಂಡಿದ್ದರೂ ಫುಲ್ ಥ್ರಾಟಲ್‌ನಲ್ಲಿ ಬೌಲ್ (ಕಾರ್ಬ್ ತಳದ ಪೆಟ್ರೋಲ್ ಬಟ್ಟಲು) ಬರಿದಾಗುತ್ತದೆ.

ಕಾರ್ಬ್ ಮೇಲೆ ಕಪ್ಪು ಡಬ್ಬಿಯಂಥದು ಇದ್ದರೆ ಅದು ಟಾರ್ಸ್. ಹೆಬ್ಬೆರಳಿನ ಥ್ರಾಟಲ್ ಬಿಟ್ಟರೂ ಸ್ಲೈಡ್ ಇಳಿಯದಿದ್ದರೆ ಕರೆಂಟ್ ಕಡಿದು ಎಂಜಿನ್ ವೇಗ ತಡೆಯುವ ಸುರಕ್ಷಾ ವ್ಯವಸ್ಥೆ. ಸ್ವಿಚ್ ಹಳತಾದಾಗ ಸುಮ್ಮಸುಮ್ಮನೆ ಮಿಸ್ಸಿಂಗ್ ಕೊಡುತ್ತದೆಂದು ಬಹಳಷ್ಟು ಜನ ತೆಗೆಸಿರುತ್ತಾರೆ. ತೆಗೆದರೆ ಮುಚ್ಚಳ, ಕೇಬಲ್, ಐಡ್ಲಿಂಗ್ ಸ್ಕ್ರೂ ಇರುವ ಪೂರ್ತಿ ಕಿಟ್ ಹಾಕಬೇಕು, ಹ್ಯಾಂಡಲ್ಲಿಗೆ ಕೂರಿಸಿ ಕೈಗೆ ಕಟ್ಟಿಕೊಳ್ಳುವ ಹಗ್ಗದ ಕಿಲ್ ಸ್ವಿಚ್ಚೂ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವಂಥದು) ಬೇಕು. ಅದಿಲ್ಲದೆ ಟಾರ್ಸ್ ತೆಗೆಯುವುದು ಹುಚ್ಚುತನ.

ಇನ್ನು ಸಿಂಕ್, ಅಂದರೆ ಎರಡೂ ಸ್ಲೈಡ್ ಒಟ್ಟಿಗೆ ಏಳುವಂತೆ ಮಾಡುವುದು. ಏರ್‌ಬಾಕ್ಸ್ ಬೂಟ್ ಬಿಚ್ಚಿ, ಎರಡು ಕಾರ್ಬ್‌ಗಳ ಬಾಯಿ ಕಾಣುವಂತೆ ಮಾಡಿ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತಗೊಳ್ಳಿ, 3 ಎಂಎಂ ಸಾಕು. ನಯವಾದ ಹಿಡಿ ಕಡೆಯನ್ನು ಸ್ಲೈಡ್ ಕೆಳಗೆ ಒಂದೊಂದು ಇಟ್ಟು, ಸ್ಲೈಡ್ ಅವುಗಳ ಮೇಲೆ ಕೂರುವಷ್ಟು ಥ್ರಾಟಲ್ ಇಳಿಸಿ. ಈಗ ಮೆಲ್ಲನೆ ಎತ್ತುತ್ತ ಹೋದಾಗ ಎರಡು ಬಿಟ್ ಒಂದೇ ಕ್ಷಣಕ್ಕೆ ಸಡಿಲವಾಗಬೇಕು. ಒಂದು ಮೊದಲು ಜಾರಿ ಬಿದ್ದರೆ ಆ ಬದಿಯ ಕೇಬಲ್ ಅಡ್ಜಸ್ಟರನ್ನು ಒಳಗೆ ತಿರುಗಿಸಿ ಸ್ವಲ್ಪ ಸಡಿಲ ಕೊಡಿ. ಸಮವಾದ ಮೇಲೆ ಲಾಕ್ ನಟ್ ಬಿಗಿದು ಮತ್ತೊಮ್ಮೆ ನೋಡಿ, ನಟ್ ಬಿಗಿಯುವಾಗಲೇ ಅಡ್ಜಸ್ಟರ್ ಕಾಲು ಸುತ್ತು ತಿರುಗಿರುವುದುಂಟು. ಫುಲ್ ಥ್ರಾಟಲ್ ಒತ್ತಿದಾಗ ಎರಡೂ ಸ್ಲೈಡ್ ಬೋರಿನಿಂದ ಪೂರ್ತಿ ಮೇಲೇರಬೇಕು. ಕೊನೆಗೆ ಎಂಜಿನ್ ಓಡುವಾಗ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ರೇಸ್ ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದೇ ಅರ್ಥ.

ಈಗ ಜೆಟ್. ಕಂಪನಿಯಿಂದ ಬಂದಾಗ ಮೇನ್ 200, ಪೈಲಟ್ 25, ನೀಡಲ್ ಕ್ಲಿಪ್ ಮೇಲಿನಿಂದ ಮೂರನೇ ಗೆರೆಯಲ್ಲಿ. ಪೈಪ್ ಬದಲಾಗಿ, ಏರ್‌ಬಾಕ್ಸ್ ಮುಚ್ಚಳ ಹೋಗಿ, ತೆರೆದ ಫಿಲ್ಟರ್ ಬಂದಿದ್ದರೆ 200 ಸಾಲದು. ಪೈಲಟ್ 27.5, ಮೇನ್ 290ರ ಆಸುಪಾಸಿನಲ್ಲಿ ಶುರುಮಾಡಿ ಹತ್ತು ಹತ್ತು ಇಳಿಸುತ್ತ ಬನ್ನಿ. ಕೆಳಗಿನಿಂದ ಮೇಲಕ್ಕೆ ಹೋಗಬೇಡಿ. ಪಕ್ಕದವರ ಗಾಡಿಯ ನಂಬರ್ ಕೇಳಿ ಹಾಕುವುದೂ ಬೇಡ, ಅವರ ಪೈಪ್ ಬೇರೆ, ಪೋರ್ಟಿಂಗ್ (ಸಿಲಿಂಡರ್ ಕಿಂಡಿಗಳ ಆಕಾರ) ಬೇರೆ, ಆಯಿಲ್ ಪ್ರಮಾಣ ಬೇರೆ. ಜೆಟ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಮಿಕುನಿಯಲ್ಲೇ ದುಂಡು ತಲೆ, ಷಟ್ಕೋನ ತಲೆ ಎಂದು ಬೇರೆ ಬೇರೆ ಇವೆ, ಎರಡರ ನಂಬರೂ ಒಂದಕ್ಕೊಂದು ತಾಳೆಯಾಗದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್ ಹಿಡಿಯಿರಿ. ಎರಡೂ ಏರ್ ಸ್ಕ್ರೂ ಮೆತ್ತಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ಬಿಡಿ. ಇದು ಗಾಳಿಯ ಸ್ಕ್ರೂ. ಒಳಗೆ ಹೋದರೆ ರಿಚ್, ಹೊರಗೆ ಬಂದರೆ ಲೀನ್. ಫೋರ್ ಸ್ಟ್ರೋಕ್ ಕ್ವಾಡ್‌ಗಳ ಫ್ಯುಯೆಲ್ ಸ್ಕ್ರೂ ಇದಕ್ಕೆ ಪೂರ್ತಿ ಉಲ್ಟಾ. ಒಂದು ಸಲಕ್ಕೆ ಒಂದೇ ಕಾರ್ಬ್, ಕಾಲು ಸುತ್ತು, ಆಮೇಲೆ ಕೆಲವು ಸೆಕೆಂಡ್ ಕಾಯಿರಿ. ರೇಸ್ ಗರಿಷ್ಠಕ್ಕೆ ಏರಿದ ಜಾಗ ಹುಡುಕಿ, ಐಡ್ಲಿಂಗ್ ಸ್ಕ್ರೂ ಇಳಿಸಿ, ಇನ್ನೊಂದು ಬದಿಗೂ ಹಾಗೇ ಮಾಡಿ. ಒಂದು ಸುತ್ತಿಗಿಂತ ಕಡಿಮೆಯಲ್ಲೇ ಚೆನ್ನಾಗಿ ಓಡಿದರೆ ಪೈಲಟ್ ಒಂದು ಸೈಜ್ ದೊಡ್ಡದಾಗಬೇಕು, ಎರಡೂವರೆ ದಾಟಿದರೆ ಚಿಕ್ಕದಾಗಬೇಕು. ಒಂದು ಬದಿ ಒಂದೂಕಾಲು, ಇನ್ನೊಂದು ಎರಡೂಕಾಲು ಬೇಡುತ್ತಿದೆಯೇ? ಅದು ಟ್ಯೂನಿಂಗ್ ಅಲ್ಲ, ಕೊಳೆ ಅಥವಾ ಸೋರಿಕೆ. ಹಿಂದಕ್ಕೆ ಹೋಗಿ. ಥ್ರಾಟಲ್ ಬಿಟ್ಟ ಮೇಲೂ ರೇಸ್ ತಕ್ಷಣ ಇಳಿಯದೆ ತೂಗಿಕೊಂಡು ನಿಂತರೂ ಅದೇ ಅನುಮಾನ.

ಮುಂದೆ ಮೇನ್. ಥ್ರಾಟಲ್ ಹೌಸಿಂಗ್ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ, ಯಾವ ಸರ್ಕ್ಯೂಟ್ (ಪೈಲಟ್, ನೀಡಲ್ ಅಥವಾ ಮೇನ್) ದೂರುತ್ತಿದೆ ಎಂದು ಆಗ ತಿಳಿಯುತ್ತದೆ. ಉದ್ದನೆಯ ಖಾಲಿ ಜಾಗದಲ್ಲಿ ನಾಲ್ಕನೇ ಗೇರ್, ಫುಲ್ ಥ್ರಾಟಲ್. ಮೇಲಿನ ಆರ್‌ಪಿಎಂನಲ್ಲಿ ಗೊರಗೊರ ಎನ್ನುತ್ತ ಏರದೆ ನಿಂತರೆ ರಿಚ್, ಒಂದು ಸೈಜ್ ಇಳಿಸಿ. ಚೊಕ್ಕವಾಗಿ ಏರಿದ ಮೊದಲ ಜೆಟ್ಟಿನಲ್ಲೇ ನಿಂತುಬಿಡಿ. ಅದಕ್ಕಿಂತ ಕೆಳಗೆ ಸಿಗುವ ಒಂದಿಷ್ಟು ಪವರ್‌ಗಾಗಿ ಪಿಸ್ಟನ್ ಪಣಕ್ಕಿಡುವುದು ಬೇಡ, ಅದರಲ್ಲೂ ಮರಳಿನಲ್ಲಿ. ಪ್ಯಾಡಲ್ ಟೈರ್ (ಮರಳು ತಳ್ಳುವ ಹಲಗೆಯಂಥ ಹಲ್ಲುಗಳ ಟೈರ್) ಹಾಕಿ ದಿಬ್ಬ ಹತ್ತುವಾಗ ಎಂಜಿನ್ ಮೇಲೆ ಬೀಳುವ ಭಾರ ಗಟ್ಟಿ ನೆಲದಲ್ಲಿ ಬೀಳುವುದಿಲ್ಲ. ಹಾಗಾಗಿ ಓಡಿಸುವ ಜಾಗದಲ್ಲೇ ಹದ ಮಾಡಿ.

ಕಿವಿ ಹೇಳಿದ್ದನ್ನು ಪ್ಲಗ್‌ನಲ್ಲಿ ಖಚಿತ ಮಾಡಿಕೊಳ್ಳಿ. ಹೊಸ ಎನ್‌ಜಿಕೆ ಬಿಆರ್8ಇಎಸ್ ಜೋಡಿ ಹಾಕಿ, ಫುಲ್ ಥ್ರಾಟಲ್‌ನಲ್ಲಿ ಎಳೆದು, ಥ್ರಾಟಲ್ ಬಿಡದೆಯೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ. ಐಡ್ಲಿಂಗ್‌ಗೆ ಇಳಿದರೆ ಪೈಲಟ್ಟಿನ ಮಸಿ ಕೂತು ಸುಳ್ಳು ಹೇಳುತ್ತದೆ. ಪ್ಲಗ್ ಮರೆಯನ್ನು ಗರಗಸದಲ್ಲಿ ಕೊಯ್ದು ಪಿಂಗಾಣಿಯ ಬುಡ ನೋಡಿ. ಅಲ್ಲಿ ಸುತ್ತಲೂ ತೆಳ್ಳನೆಯ ಕಂದು ಉಂಗುರ ಇರಬೇಕು. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ಲೀನ್. ಪಿಂಗಾಣಿ ಮೇಲೆ ಮಿನುಗುವ ಸಣ್ಣ ಚುಕ್ಕಿಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಮತ್ತೆ ಕಿಕ್ ಹೊಡೆಯಬೇಡಿ. ತುದಿಯ ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಬಣ್ಣವನ್ನು ಸರಿಯಾಗಿ ಬಿಡುವುದಿಲ್ಲ.

ಕೊನೆಗೆ ನೀಡಲ್. ಅರ್ಧ ಥ್ರಾಟಲ್‌ನಲ್ಲಿ ಎಂಜಿನ್ ಬಳುಕಿದಂತೆ, ಟಣಟಣ ಎಂದಂತೆ ಕೇಳಿದರೆ ಕ್ಲಿಪ್ ಒಂದು ಗೆರೆ ಕೆಳಗೆ. ನೀಡಲ್ ಮೇಲೇರಿ ರಿಚ್ ಆಗುತ್ತದೆ. ಮಂದವಾಗಿ ಗೊರಗುಟ್ಟಿದರೆ ಕ್ಲಿಪ್ ಮೇಲಕ್ಕೆ. ಹೆಚ್ಚು ಹೊತ್ತು ಓಡುವುದು ಇದೇ ವಲಯದಲ್ಲಿ, ಆದ್ದರಿಂದ ಪಿಕಪ್‌ನ ಅನುಭವವೆಲ್ಲ ಇಲ್ಲೇ.

ಊರು ಬದಲಾದರೆ ಲೆಕ್ಕವೂ ಬದಲು. ಗಾಳಿ ತೆಳುವಾದಷ್ಟು ಕಾರ್ಬ್ ರಿಚ್ ಆಗುತ್ತದೆ. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿವೆ, ಯೂಟಾದ ಲಿಟಲ್ ಸಹಾರಾ ಸುಮಾರು 1500 ಮೀಟರ್ ಮೇಲೆ. ಅಷ್ಟು ಎತ್ತರಕ್ಕೆ ಮೇನ್ ಜೆಟ್ ಶೇ 7ರಷ್ಟು ಚಿಕ್ಕದಾದರೆ ಸಾಕು. ಗ್ಲಾಮಿಸ್‌ನ 280 ಅಲ್ಲಿ 260. ಅಪಾಯ ಇರುವುದು ಇಳಿದು ಬರುವಾಗ. ಬೆಂಗಳೂರಿನಲ್ಲಿ ಹದ ಮಾಡಿದ ಆರ್‌ಎಕ್ಸ್ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಲೀನ್ ಆಗುವುದೂ ಇದೇ ಕಾರಣಕ್ಕೆ. ಮರುಭೂಮಿಯಲ್ಲಿ ಮಧ್ಯಾಹ್ನದಿಂದ ರಾತ್ರಿಗೆ 20 ಡಿಗ್ರಿ ಇಳಿದರೆ ಒಂದು ಜೆಟ್ಟಿನಷ್ಟು ವ್ಯತ್ಯಾಸ. ಸಂಜೆ ಗಾಡಿ ಚುರುಕಾಗಿದೆ ಎನಿಸಿದಾಗಲೇ ಮೇನ್ ಒಂದು ಸೈಜ್ ಏರಿಸಿ.

ಆಯಿಲ್ ಪ್ರಮಾಣ ಮಾತ್ರ ಒಮ್ಮೆ ಹಿಡಿದದ್ದು ಬದಲಿಸಬೇಡಿ. 32:1 (32 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) ಎಂದರೆ ಒಂದು ಅಮೆರಿಕನ್ ಗ್ಯಾಲನ್ನಿಗೆ 118 ಎಂಎಲ್. ಆಯಿಲ್ ಹೆಚ್ಚಿಸಿದರೆ ಅದೇ ಜೆಟ್ಟಿನಲ್ಲಿ ಹಾಯುವ ಪೆಟ್ರೋಲ್ ಕಡಿಮೆಯಾಗಿ ಲೀನ್ ಆಗುತ್ತದೆ. ಒಳ್ಳೆಯದಾಗಲಿ ಎಂದು ಸುರಿದದ್ದೇ ಕೆಡಿಸೀತು. ಮರಳಿನ ಸೀಸನ್ ಮುಗಿದು ಗಾಡಿ ನಿಲ್ಲಿಸುವಾಗ ಟ್ಯಾಪ್ ಬಂದ್ ಮಾಡಿ ಎರಡೂ ಬೌಲ್ ಖಾಲಿ ಮಾಡಿ. ಹಾಗೇ ಬಿಟ್ಟರೆ ಒಣಗಿದ ಪೆಟ್ರೋಲ್ ಮೊದಲು ಕಟ್ಟುವುದು ಪೈಲಟ್ ಜೆಟ್ಟನ್ನು, ಅದೂ ಸಾಮಾನ್ಯವಾಗಿ ಒಂದೇ ಬದಿಯದನ್ನು. ಮುಂದಿನ ಸೀಸನ್ನಿನಲ್ಲಿ ಗಾಡಿ ಒಂದೇ ಸಿಲಿಂಡರಿನಲ್ಲಿ ಸ್ಟಾರ್ಟ್ ಆಗುತ್ತದೆ.