ದರೋಜಿ ಕರಡಿ ನೋಡಲು ‘ಸಫಾರಿ ಪ್ಯಾಕೇಜ್’ ಕೊಳ್ಳುವ ಮುನ್ನ

ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೊರಟವರು ಮೊದಲು ತಿಳಿಯಬೇಕಾದದ್ದು ಇಷ್ಟು: ಅಲ್ಲಿ ಕರಡಿ ಕಾಣಿಸುವುದು ಜೀಪಿನಲ್ಲಿ ಕಾಡು ಸುತ್ತಿದಾಗ ಅಲ್ಲ, ವೀಕ್ಷಣಾ ಗೋಪುರದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಾಗ. ಇದನ್ನು ಹೇಳದೆ ‘ತೆರೆದ ಜೀಪಿನಲ್ಲಿ ಕರಡಿ ಸಫಾರಿ’ ಎಂದು ಮಾರುವ ಬುಕಿಂಗ್ ಕಂಪನಿಯೊಂದರ ಕೈಗೆ ನಮ್ಮ ಮನೆಯವರೆಲ್ಲ ಸಿಕ್ಕಿಬಿದ್ದೆವು.

ಮಂಗಳೂರಿನಿಂದ ಭಾವನ ಕುಟುಂಬ ಬಳ್ಳಾರಿಗೆ ಬಂದಿತ್ತು. ಹೊರಡುವ ಮೊದಲೇ ಭಾವ ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಎಲ್ಲರ ಪಾಲಿನ ಹಣವನ್ನೂ ಪೂರ್ತಿ ಕಟ್ಟಿಬಿಟ್ಟಿದ್ದರು. ಆ ಜಾಹೀರಾತನ್ನು ನನಗೆ ತೋರಿಸಿದಾಗಲೇ ಅನುಮಾನ ಬಂದಿತ್ತು. ಜೀಪಿನ ಮುಂದೆ ಹುಲಿಯೊಂದು ಗಂಭೀರವಾಗಿ ರಸ್ತೆ ದಾಟುತ್ತಿತ್ತು! ದರೋಜಿಯ ಕುರುಚಲು ಕಾಡಿನಲ್ಲಿ ಕರಡಿ ಇದೆ, ಚಿರತೆ ಇದೆ, ನವಿಲು ಬೇಕಾದಷ್ಟಿವೆ, ಹುಲಿ ಇಲ್ಲ. ಬುರ್ರಕಥೆಯ ಈರಮ್ಮನವರ ಊರೆಂದು ದರೋಜಿಯ ಹೆಸರು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಧ್ಯಾಹ್ನದ ಊಟಕ್ಕೆ ಮೊದಲೇ ಬರಬೇಕಿದ್ದ ವಾಹನ ಬಂದದ್ದು ಎರಡೂವರೆ ದಾಟಿದ ಮೇಲೆ. ಜೀಪೂ ಅಲ್ಲ, ಬಾಡಿಗೆ ಕಾರು. ಕುಡುತಿನಿ, ತೋರಣಗಲ್ಲು ದಾಟುವವರೆಗೆ ಲಾರಿಗಳ ಹಿಂದೆ ತೆವಳಿ, ಕೊನೆಗೆ ಚಾಲಕ ಕರೆದೊಯ್ದದ್ದು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನಕ್ಕೆ. “ಸಫಾರಿ ಎಂದರೆ ಇದೇ ಸರ್, ಕರಡಿ ಆಮೇಲೆ” ಎಂದ. ಜಾಲರಿ ಹಾಕಿದ ಬಸ್ಸಿನಲ್ಲಿ ಕುಳಿತು ಹುಲಿ, ಸಿಂಹ ನೋಡಿದೆವು. ಉದ್ಯಾನ ಚೆನ್ನಾಗಿಯೇ ಇದೆ. ಬಳ್ಳಾರಿಯ ಕಿರು ಮೃಗಾಲಯದ ಪ್ರಾಣಿಗಳೂ ಅಲ್ಲಿಗೇ ಹೋದವು. ಆದರೆ ಭಾವ ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಕರಡಿಧಾಮದ ಗೇಟು ಮುಟ್ಟುವಾಗ ಐದು ಕಳೆದಿತ್ತು. ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿಲ್ಲವೆಂದು ಅಲ್ಲಿ ಹೇಳಿದರು. ಮತ್ತೆ ನಾವೇ ಕೊಟ್ಟೆವು. ಗೋಪುರದ ಮೇಲೆ ಮೊದಲೇ ಬಂದು ಕುಳಿತಿದ್ದವರು, ಬೆನ್ನ ಮೇಲೆ ಮರಿ ಹೊತ್ತ ತಾಯಿಕರಡಿ ಆಗಷ್ಟೇ ಬಂಡೆ ಇಳಿದು ಹೋಯಿತೆಂದರು. ನಮ್ಮ ಪಾಲಿಗೆ ಉಳಿದದ್ದು ಬೆಲ್ಲ ಹಚ್ಚಿದ ಕಲ್ಲನ್ನು ನೆಕ್ಕುತ್ತಿದ್ದ ಒಂದು ಮುಂಗುಸಿ. ಯಾರೋ ಪುಣ್ಯಾತ್ಮರು ಬೈನಾಕ್ಯುಲರ್ ಕೊಟ್ಟಾಗ ದೂರದ ಪೊದೆಯ ಪಕ್ಕ ಕರಿಯ ಮುದ್ದೆಯೊಂದು ಅಲುಗಾಡಿದ್ದು ಕಂಡಿತು. ಅದು ಕರಡಿಯೇ ಎಂದು ಅಕ್ಕನ ಮಗಳು ಈಗಲೂ ವಾದಿಸುತ್ತಾಳೆ. ಆರಕ್ಕೆ ಎಲ್ಲರನ್ನೂ ಇಳಿಸಿದರು. ಅಲ್ಲಿ ಬಂದಿದ್ದವರಲ್ಲಿ ಹೆಚ್ಚಿನವರು ಗೇಟಿನಲ್ಲಿ ಟಿಕೆಟ್ ಪಡೆದು ಸ್ವಂತ ಕಾರಿನಲ್ಲೇ ಬಂದವರು ಎಂಬುದು ತಿಳಿದಾಗ ಭಾವನ ಮುಖ ನೋಡುವ ಹಾಗಿರಲಿಲ್ಲ.

1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಮೇಲೆ ಬೆಲ್ಲ, ಜೇನು ಬೆರೆಸಿದ ಪಾಕ ಬಳಿಯುತ್ತಾರೆ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಗವಿ, ಪೊದೆಗಳಲ್ಲಿ ಬಿಸಿಲು ಕಳೆದು, ವಾಸನೆ ಹಿಡಿದು ಇಳಿದು ಬರುತ್ತದೆ. ಹಾಗಾಗಿ ಮೂರು ಗಂಟೆಯೊಳಗೆ ಗೋಪುರ ಹತ್ತಿರಬೇಕು. ಬಂಡೆಗಳು ಗೋಪುರಕ್ಕೆ ದೂರ. ಮೊಬೈಲ್ ಕ್ಯಾಮೆರಾ ನೆಚ್ಚಿಕೊಂಡು ಹೋದರೆ ಕಪ್ಪು ಚುಕ್ಕೆ ಮಾತ್ರ ಸಿಗುತ್ತದೆ. ಬೈನಾಕ್ಯುಲರ್, ಕುಡಿಯುವ ನೀರು, ಮಕ್ಕಳಿಗೆ ಟೋಪಿ ಇರಲಿ. ಬೇಸಿಗೆಯ ಬಳ್ಳಾರಿ ಬಿಸಿಲಿನಲ್ಲಿ ಈ ಪ್ರವಾಸ ಬೇಡವೇ ಬೇಡ, ನವೆಂಬರಿನಿಂದ ಫೆಬ್ರವರಿಯವರೆಗೆ ಹಿತ.

ಇನ್ನೊಂದು ಮಾತು. ದರೋಜಿ ಎಂದೊಡನೆ ರೈಲಿನಲ್ಲಿ ದರೋಜಿ ನಿಲ್ದಾಣದಲ್ಲಿ ಇಳಿಯಬೇಡಿ, ಗೋಪುರಕ್ಕೆ ದಾರಿ ಕಮಲಾಪುರದ ಕಡೆಯಿಂದ. ಹಂಪಿ ನೋಡಿದ ದಿನವೇ ಮಧ್ಯಾಹ್ನ ಹೋಗಿಬರಬಹುದು. ಎಲ್ಲ ಏರ್ಪಾಡೂ ಬೇರೆಯವರೇ ಮಾಡಲಿ ಎನ್ನುವವರಿಗೆ ಕಮಲಾಪುರದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ಇದೆ.

ಖಾಸಗಿ ಕಂಪನಿಯೇ ಆಗಬೇಕೆಂದರೆ ಯಾವ ಗೇಟು, ಯಾವ ವಾಹನ, ಎಷ್ಟು ಗಂಟೆಗೆ ಒಳಗೆ, ಅರಣ್ಯ ಇಲಾಖೆಯ ಟಿಕೆಟ್ ಯಾರ ಖರ್ಚು ಎಂಬುದನ್ನು ಬರಹದಲ್ಲೇ ಕೇಳಿ. ಉತ್ತರದ ಬದಲು ಹುಲಿಯ ಚಿತ್ರ ಬಂದರೆ ಅಲ್ಲಿಗೇ ಬಿಡಿ. ಮುಂಗಡ ಕೊಟ್ಟರೂ ಕಂಪನಿಯ ಖಾತೆಗೇ ಹಾಕಿ, ಯಾವನೋ ವ್ಯಕ್ತಿಯ ಹೆಸರಿನ ಯುಪಿಐಗೆ ಅಲ್ಲ.

ಹಣ ವಾಪಸ್ ಕೇಳಿದಾಗ ಕಂಪನಿಯಿಂದ ‘ಸೇವೆ ನೀಡಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಭಾವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟರು. ಜಾಹೀರಾತಿನ ಚಿತ್ರ, ಪಾವತಿಯ ದಾಖಲೆ, ಗೇಟಿನ ಟಿಕೆಟ್ ಮೂರನ್ನೂ ಜೋಪಾನ ಮಾಡಿದ್ದು ಕೆಲಸಕ್ಕೆ ಬಂತು. ಸ್ವಲ್ಪ ಹಣ ವಾಪಸ್ ಬಂದಿದೆ. ಉಳಿದದ್ದು ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿ ಹೇಳಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅದಕ್ಕೆ ಎರಡು ವರ್ಷಗಳ ಕಾಲಾವಕಾಶವಿದೆ. ಹೀಗಾಗಿ ಭಾವ ಮತ್ತೆ ಬಳ್ಳಾರಿಗೆ ಅಲೆಯಬೇಕಿಲ್ಲ, ಮಂಗಳೂರಿನಲ್ಲೇ ದೂರು ಕೊಡಬಹುದು.